ಐದನೇ ಸ್ಲೈಡು

ಗಂಗಾಧರ ಅವರ ವರದಿ ಮೂವತ್ತೊಂದು ಪುಟವಿತ್ತು. ಮಾಧವಿ ಅದನ್ನು ಒಂಬತ್ತು ಸ್ಲೈಡುಗಳಿಗೆ ಇಳಿಸಿದಳು. ಅದಕ್ಕೆ ಎರಡು ದಿನ ಹಿಡಿಯಿತು. ಆ ಎರಡು ದಿನವೂ ಅವಳಿಗೆ ತನ್ನ ಕೆಲಸದ ಬಗ್ಗೆ ಹೆಮ್ಮೆಯೇ ಇತ್ತು.

2002ರ ಮಾರ್ಚ್ ತಿಂಗಳ ಕೊನೆಯ ವಾರ. ಮದ್ರಾಸಿನ ಕ್ರೋಂಪೇಟೆ ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಸಿಗುವ ಹಳೆಯ ಚರ್ಮದ ಗೋದಾಮೊಂದರ ಮೇಲಿನ ಮಹಡಿಯಲ್ಲಿ ಅವರ ಆಫೀಸು. ಬಾಯ್ಲರು, ಕ್ರೇನು, ಗ್ಯಾಸಿನ ಪೈಪುಗಳನ್ನು ಪರೀಕ್ಷೆ ಮಾಡಿ ವರದಿ ಕೊಡುವ, ಹನ್ನೊಂದು ಜನರ ಸಂಸ್ಥೆ. ಮೂರು ವರ್ಷದ ಹಿಂದೆ ಮೈಸೂರಿನಿಂದ ಬಂದ ಕೃಷ್ಣಪ್ರಸಾದ ಅದರ ಮ್ಯಾನೇಜರು. ಅವರು ಬಂದ ಮೇಲೆ ಆಫೀಸಿಗೆ ಪ್ರೊಜೆಕ್ಟರ್ ಬಂತು, ಪ್ರೊಜೆಕ್ಟರ್ ಜೊತೆಗೆ ಒಂದು ನಿಯಮವೂ ಬಂತು: ಒಂದು ಸ್ಲೈಡಿಗೆ ಆರು ಸಾಲು, ಒಂದು ಸಾಲಿಗೆ ಆರು ಪದ, ಅದಕ್ಕಿಂತ ಒಂದೂ ಹೆಚ್ಚಿಲ್ಲ.

ಪೆರಂಬೂರಿನ ರೈಲ್ವೆ ಕ್ವಾರ್ಟರ್ಸಿನ ಕನ್ನಡ ಮನೆಯೊಂದರಲ್ಲಿ ಹುಟ್ಟಿ ಬೆಳೆದ ಮಾಧವಿ ಆ ಆಫೀಸಿಗೆ ಟೈಪಿಸ್ಟಾಗಿ ಸೇರಿದವಳು. ಸ್ಲೈಡು ಮಾಡುವುದನ್ನು ತಾನೇ ಕಲಿತಳು. ಅಕ್ಷರ ಸಾಕಷ್ಟು ದಪ್ಪವಿದೆಯೇ ಎಂದು ತಿಳಿಯಲು ಕೋಣೆಯ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ನಿಂತು, ಕನ್ನಡಕ ತೆಗೆದು ಓದುವಳು. ಕನ್ನಡಕವಿಲ್ಲದೆಯೂ ಓದಲು ಬಂದರೆ ಸ್ಲೈಡು ಪಾಸು. ಗ್ರಾಹಕರು ಈಗೀಗ ವರದಿ ಕೇಳುವುದನ್ನೇ ಬಿಟ್ಟಿದ್ದರು. "ಮಾಧವಿ ಮೇಡಂ ಸ್ಲೈಡು ಕಳಿಸಿ ಸಾಕು" ಎನ್ನುತ್ತಿದ್ದರು.

ಈ ಸಲದ ಗ್ರಾಹಕರು ಕೋಯಂಬೇಡು ಮಾರುಕಟ್ಟೆಯ ಹಿಂದೆ ಹಣ್ಣಿನ ಶೀತಲಗೃಹ ನಡೆಸುವ ಸುರೇಶ. ಅಲ್ಲಿ ತಂಪು ಮಾಡುವುದು ಅಮೋನಿಯಾ ಗ್ಯಾಸು. ಚಳಿಗಾಲಕ್ಕೆ ಒಂದು ಕಂಪ್ರೆಸರ್ ಸಾಕು. ಬೇಸಿಗೆ ಬಂತೆಂದರೆ ಎರಡನೆಯದನ್ನೂ ಚಾಲೂ ಮಾಡಬೇಕು, ಆಗ ಪೈಪುಗಳ ಒಳಗಿನ ಒತ್ತಡ ಏರುತ್ತದೆ. ಹಾಗೆ ಮಾಡಬಹುದೇ ಇಲ್ಲವೇ ಎಂದು ಹೇಳಲು ಸಂಸ್ಥೆಯ ಪರೀಕ್ಷಕ ಗಂಗಾಧರ ಎಂಟು ದಿನ ಅಲ್ಲಿ ಏಣಿ ಹತ್ತಿ ಇಳಿದು, ಐದು ಪೈಪ್ ಲೈನುಗಳ ನಲವತ್ತು ಜಾಗಗಳಲ್ಲಿ ಕಬ್ಬಿಣದ ದಪ್ಪವನ್ನು ಅಳೆದಿದ್ದರು. ಲೈನಿಗೆ ಎಂಟು ಅಳತೆ. ಅವರು ಹುಬ್ಬಳ್ಳಿ ಕಡೆಯವರು, ಐವತ್ತೇಳು ವರ್ಷದವರು. ಒಂಬತ್ತನೇ ದಿನ ಏಣಿಯ ಬುಡದಲ್ಲಿ ಎದೆ ಹಿಡಿದುಕೊಂಡು ಕುಳಿತವರನ್ನು ನೇರ ಕೀಲ್ಪಾಕಿನ ಆಸ್ಪತ್ರೆಗೆ ಸೇರಿಸಿದರು. ವರದಿಯ ಕೊನೆಯ ಪುಟಗಳನ್ನು ಅವರು ಹಾಸಿಗೆಯಲ್ಲೇ ಬರೆದು ಕಳಿಸಿದ್ದರು. ಮೇಲೊಂದು ಚೀಟಿ ಇತ್ತು: "ಮಾಧವಿ, ಹದಿನೇಳನೇ ಅಳತೆ ಮರೀಬ್ಯಾಡ."

ಅವಳು ಮರೆಯಲಿಲ್ಲ. ಹದಿನೇಳನೆಯದು ಮೂರನೇ ಲೈನಿನಲ್ಲಿ, ಪೈಪು ತಿರುಗುವ ಎಲ್ಬೋ ಮೇಲೆ ತೆಗೆದದ್ದು. ಕನಿಷ್ಠ 3.5 ಮಿಲಿಮೀಟರ್ ಇರಬೇಕಾದ ಕಡೆ 1.9 ಇತ್ತು. ಆ ಲೈನಿನ ಉಳಿದ ಏಳು ಅಳತೆಗಳೂ ಐದರ ಮೇಲೆ. ಇದನ್ನು ಸ್ಲೈಡಿನಲ್ಲಿ ತೋರಿಸುವುದು ಹೇಗೆ ಎಂಬುದಷ್ಟೇ ಅವಳ ಮುಂದಿದ್ದ ಪ್ರಶ್ನೆ. ನಲವತ್ತು ಅಂಕಿಗಳ ಪಟ್ಟಿ ಹಾಕಿ ನೋಡಿದಳು. ಹಿಂದಿನ ಗೋಡೆಯಿಂದ ಅದು ಇರುವೆ ಸಾಲಿನ ಹಾಗೆ ಕಂಡಿತು. ನಲವತ್ತು ಕಂಬಗಳ ಚಿತ್ರ ಬಾಚಣಿಗೆಯ ಹಾಗಾಯಿತು. ಕೊನೆಗೆ ಪ್ರತಿ ಲೈನಿನ ಎಂಟು ಅಳತೆಗಳ ಸರಾಸರಿ ತೆಗೆದು ಐದು ಕಂಬ ನಿಲ್ಲಿಸಿದಳು. ಕನಿಷ್ಠ ಮಿತಿಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆದಳು. ಮೂರನೇ ಕಂಬ 4.8ಕ್ಕೆ ಬಂತು. ಐದೂ ಕಂಬಗಳು ಗೆರೆಯ ಮೇಲೆ. ಸಂಸ್ಥೆಯ ಬಣ್ಣ ಹಸಿರು, ಆದ್ದರಿಂದ ಕಂಬಗಳೂ ಹಸಿರು. ಕನ್ನಡಕ ತೆಗೆದು ನೋಡಿದಳು. ಸ್ಪಷ್ಟವಾಗಿತ್ತು.

ಅದು ಐದನೇ ಸ್ಲೈಡು. ಅದಕ್ಕೆ ಅವಳು ಕೊಟ್ಟ ತಲೆಬರಹ ಇಂಗ್ಲಿಷಿನಲ್ಲಿ ಹೀಗಿತ್ತು: ಪೈಪುಗಳ ಸ್ಥಿತಿ ತೃಪ್ತಿಕರ, ಒಂದು ಎಲ್ಬೋ ಬದಲಿಸಬೇಕು.

"ತಲೆಬರಹದಲ್ಲಿ ಕಾಮಾ ಬಂತು ಅಂದ್ರೆ ಎರಡು ವಿಷಯ ಇದೆ ಅಂತ ಅರ್ಥ ಮಾಧವಿಯವರೇ" ಎಂದರು ಕೃಷ್ಣಪ್ರಸಾದ, ಅವಳ ಕುರ್ಚಿಯ ಹಿಂದೆ ನಿಂತು. "ಒಂದು ಸ್ಲೈಡು, ಒಂದು ವಿಷಯ. ಯಾವುದು ಮುಖ್ಯ ಹೇಳಿ?"

"ಎರಡೂ ಸರ್."

"ನಲವತ್ತರಲ್ಲಿ ಮೂವತ್ತೊಂಬತ್ತು ಚೆನ್ನಾಗಿದೆ. ಒಂದು ಕೆಟ್ಟಿದೆ. ನಿಮ್ಮ ಮಗ ನಲವತ್ತಕ್ಕೆ ಮೂವತ್ತೊಂಬತ್ತು ತಗೊಂಡು ಬಂದ್ರೆ ಆ ಒಂದು ಮಾರ್ಕಿಗೆ ಬೈತೀರಾ?"

"ನಮ್ಮತ್ತೆ ಬೈತಾರೆ ಸರ್."

ಅವರು ನಕ್ಕರು. ಎಲ್ಬೋ ವಿಷಯ ಏಳನೇ ಸ್ಲೈಡಿಗೆ, ಶಿಫಾರಸುಗಳ ಪಟ್ಟಿಗೆ ಹೋಯಿತು. ಅಲ್ಲಿ ಆಗಲೇ ಐದು ಸಾಲುಗಳಿದ್ದುದರಿಂದ ಆರನೆಯದಾಗಿ ಕುಳಿತಿತು: "ಎಲ್ಬೋ, ಲೈನ್ ಮೂರು: ಬದಲಾವಣೆ ಪರಿಶೀಲಿಸಿ." ಗಂಗಾಧರ ಬರೆದಿದ್ದು "ಎರಡನೇ ಕಂಪ್ರೆಸರ್ ಚಾಲೂ ಮಾಡುವ ಮುಂಚೆ ನಾಲ್ಕು ದಿನ ಪ್ಲಾಂಟ್ ನಿಲ್ಲಿಸಿ ಬದಲಿಸಲೇಬೇಕು" ಎಂದು. ಅದು ಆರು ಪದಗಳಿಗಿಂತ ಹೆಚ್ಚಾಗುತ್ತಿತ್ತು.

ಇನ್ನೊಂದು ಬದಲಾವಣೆ ಫೋಟೋದಲ್ಲಿ ಆಯಿತು. ಹದಿನೈದು ದಿನದ ಹಿಂದೆ ಮಾಧವಿ ಆಫೀಸಿನ ಹೊಸ ಡಿಜಿಟಲ್ ಕ್ಯಾಮರಾ ಹಿಡಿದು ಶೀತಲಗೃಹಕ್ಕೆ ಹೋಗಿದ್ದಳು. ಮೂರನೇ ಲೈನು ಹಣ್ಣು ಆರಿಸುವ ಹಾಲ್‌ನ ಮೂಲೆಯಲ್ಲಿ, ಕೋಲ್ಡ್ ರೂಮಿನ ಬಾಗಿಲಿನ ಮೇಲೆ ತಿರುಗುತ್ತದೆ. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ಬರುತ್ತದೆ. ಹಣ್ಣು ಆರಿಸುವ ಹೆಂಗಸರು ಅಲ್ಲೇ ಊಟಕ್ಕೆ ಕೂರುತ್ತಾರೆ. ಎಂಟು ಜನ. ಅವರಲ್ಲಿ ಹಿರಿಯಳು ಕಲಬುರ್ಗಿ ಕಡೆಯ ಭೀಮಾಬಾಯಿ. ಕಟ್ಟಡದ ಕೆಲಸಕ್ಕೆ ಗಂಡನ ಜೊತೆ ಮದ್ರಾಸಿಗೆ ಬಂದು ಇಲ್ಲೇ ಉಳಿದವಳು. ಕನ್ನಡ ಕೇಳಿ ಅವಳ ಮುಖ ಅರಳಿತ್ತು.

"ನೀವೂ ನಮ್ಮ ಮಂದೀನೇ ಏನ್ರಿ ಅಕ್ಕಾರ? ಬರ್ರಿ, ಕುಂದರ್ರಿ. ಇಲ್ಲಿ ತಂಪ ಅದ. ಹೊರಗ ಹೆಣ ಸುಟ್ಟಂಗ ಬಿಸಲು."

"ಈ ವಾಸನೆ ತಡಕೋತೀರಾ?"

"ಯಾವ ವಾಸನಿ?" ಎಂದಿದ್ದಳು ಭೀಮಾಬಾಯಿ. ಪಕ್ಕದವರು ನಕ್ಕಿದ್ದರು. ಕಣ್ಣಿಗೆ ಚುಚ್ಚುವ ಆ ವಾಸನೆ ಹಾಲ್‌ನಲ್ಲಿ ಸದಾ ಇದ್ದದ್ದೇ. ಹೊಸಬರಿಗೆ ಮಾತ್ರ ಗೊತ್ತಾಗುತ್ತಿತ್ತು. "ನಮ್ದೂ ಒಂದು ಫೋಟೋ ತೆಗೀರಿ. ತೆಗದು ಮರಿಬ್ಯಾಡ್ರಿ ಮತ್ತ, ಕೊಡಬೇಕು."

ಮಾಧವಿ ತೆಗೆದಿದ್ದಳು. ಮೇಲೆ ಎಲ್ಬೋ, ಅದರ ಕೆಳಗೆ ಬುತ್ತಿ ಬಿಚ್ಚಿಕೊಂಡ ಎಂಟು ಹೆಂಗಸರು, ಗೋಡೆಗೆ ಒರಗಿ ಕಾಲು ಚಾಚಿದ ಭೀಮಾಬಾಯಿ.

"ಚಿತ್ರದಲ್ಲಿ ಜನ ಇದ್ರೆ ಕಣ್ಣು ಅವರ ಮೇಲೇ ಹೋಗುತ್ತೆ" ಎಂದರು ಕೃಷ್ಣಪ್ರಸಾದ. "ನಮಗೆ ಬೇಕಾದ್ದು ಪೈಪು." ಅದು ಸರಿಯಾದ ಮಾತೇ ಆಗಿತ್ತು. ಮಾಧವಿ ಫೋಟೋದ ಕೆಳಗಿನ ಅರ್ಧ ಕತ್ತರಿಸಿದಳು. ಆ ಹೆಂಗಸರ ಲೆಕ್ಕ ಒಂದು ಸಾಲಿನಲ್ಲಿ ಉಳಿಯಿತು: "ಹಾಲ್‌ನಲ್ಲಿ ಕೆಲಸಗಾರರು: ಸರಾಸರಿ ಐದು." ವಾರದಲ್ಲಿ ಕೆಲವು ದಿನ ಅವರು ಎಂಟು ಜನ ಇರುತ್ತಿದ್ದರು, ಕೆಲವು ದಿನ ಇಬ್ಬರೇ.

ಗುರುವಾರ ಮಧ್ಯಾಹ್ನ ಸುರೇಶರ ಆಫೀಸಿನಲ್ಲಿ ಸ್ಲೈಡುಗಳನ್ನು ತೋರಿಸಿದರು. ಕೃಷ್ಣಪ್ರಸಾದ ಮಾತಾಡಿದರು, ಮಾಧವಿ ಗುಂಡಿ ಒತ್ತಿದಳು. ಹದಿನೆಂಟು ನಿಮಿಷದಲ್ಲಿ ಮುಗಿಯಿತು. ಐದನೇ ಸ್ಲೈಡು ಬಂದಾಗ ಸುರೇಶ ಕುರ್ಚಿಯಲ್ಲಿ ಮುಂದೆ ಬಾಗಿದರು. ಹೊಸೂರು ಕಡೆಯ ವ್ಯಾಪಾರಸ್ಥರು, ಮಾತಿನಲ್ಲಿ ತಮಿಳು ಅರ್ಧ ಕನ್ನಡ ಅರ್ಧ.

"ಇದು ಪಾರುಂಗೋ, ನೋಡಿ, ಇದು ವಿಷಯ" ಎಂದರು. "ಹನ್ನೆರಡು ವರ್ಷ ಇನ್ಸ್‌ಪೆಕ್ಷನ್ ಮಾಡಿಸಿದೀನಿ, ಒಂದು ವರದಿ ಅರ್ಥ ಆಗಿಲ್ಲ. ಇವತ್ತು ಆಯ್ತು. ಎಲ್ಲಾ ಗೆರೆ ಮೇಲೆ. ಈ ಸ್ಲೈಡು ಪ್ರಿಂಟು ಕೊಡಿ ಮೇಡಂ, ಗೋಡೆಗೆ ಹಾಕ್ತೀನಿ."

ಏಳನೇ ಸ್ಲೈಡಿನ ಹೊತ್ತಿಗೆ ಅವರಿಗೆ ಫೋನು ಬಂತು. ಅವರು ಫೋನಿನಲ್ಲಿ ಇರುವಾಗಲೇ ಆರನೇ ಸಾಲು ಪರದೆಯ ಮೇಲೆ ಬಂದು ನಿಂತಿತು. ಮಾಧವಿ ಗುಂಡಿ ಒತ್ತದೆ ಕಾದಳು. ಕೃಷ್ಣಪ್ರಸಾದ ಬೆರಳಾಡಿಸಿ ಮುಂದೆ ಎಂದು ಸನ್ನೆ ಮಾಡಿದರು. ಅವಳು ಒತ್ತಿದಳು.

ಎರಡನೇ ಕಂಪ್ರೆಸರ್ ಶನಿವಾರ ಹತ್ತು ಗಂಟೆಗೆ, ಪೂಜೆ ಮಾಡಿ ಚಾಲೂ ಮಾಡುವುದೆಂದು ತೀರ್ಮಾನವಾಯಿತು.

ಶುಕ್ರವಾರ ಸಂಜೆ ಐದಕ್ಕೆ, ರೋಗಿಗಳನ್ನು ನೋಡುವ ಹೊತ್ತಿಗೆ, ಮಾಧವಿ ಕೀಲ್ಪಾಕಿನ ಆಸ್ಪತ್ರೆಗೆ ಹೋದಳು. ಗಂಗಾಧರ ದಿಂಬಿಗೆ ಒರಗಿ ಕುಳಿತಿದ್ದರು. ಗಡ್ಡ ಬೆಳೆದು ಮುಖ ಸಣ್ಣದಾಗಿ ಕಂಡಿತು.

"ಬಾ ತಂಗಿ. ಇಡ್ಲಿ ತಂದಿಲ್ಲಲಾ? ಇಡ್ಲಿ ನೋಡಿದ್ರ ಈಗ ಎದಿ ಮತ್ತ ಹಿಡೀತೈತಿ."

"ಮೂಸಂಬಿ ತಂದಿದೀನಿ ಸರ್."

"ಸುರೇಶಪ್ಪನ ಗೋಡಾನ್‌ದಾಗಿಂದಲ್ಲಲಾ?" ಎಂದು ನಕ್ಕರು. ಆಮೇಲೆ ಕೇಳಿದರು. "ಪ್ಲಾಂಟ್ ಯಾವತ್ತ ನಿಲ್ಲಸ್ತಾರಂತ?"

ಮಾಧವಿ ಸಿಪ್ಪೆ ಬಿಡಿಸುವುದನ್ನು ನಿಲ್ಲಿಸಿದಳು. "ನಿಲ್ಲಿಸಲ್ಲ ಸರ್. ನಾಳೆ ಎರಡನೇದು ಚಾಲೂ."

"ಹದಿನೇಳನೇದು ತೋರಿಸಿದ್ರಿಲ್ಲೋ?"

"ತೋರಿಸಿದ್ವಿ. ಅಂದ್ರೆ... ಅದರಲ್ಲೇ ಇದೆ." ಅವಳು ಬ್ಯಾಗಿನಿಂದ ಸ್ಲೈಡುಗಳ ಪ್ರಿಂಟು ತೆಗೆದು ಐದನೆಯದನ್ನು ಅವರ ಮುಂದೆ ಇಟ್ಟಳು. ಮೆಚ್ಚುತ್ತಾರೆ ಎಂದುಕೊಂಡೇ ತಂದದ್ದು ಅದು.

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಪಕ್ಕದ ಹಾಸಿಗೆಯವನ ಹೆಂಡತಿ ಸ್ಟೀಲ್ ಡಬ್ಬಿ ತೊಳೆಯುವ ಸದ್ದು ಕೇಳುತ್ತಿತ್ತು.

"ಎಲ್ಲೈತಿ?"

"ಇಲ್ಲಿ." ಮೂರನೇ ಕಂಬದ ಮೇಲೆ ಬೆರಳಿಟ್ಟಳು. "ಇದರ ಒಳಗಿದೆ. ಎಂಟು ಅಳತೆಯ ಸರಾಸರಿ."

"ಒಂದ್ ಒಂಬತ್ತು ಇದ್ದದ್ದು ನಾಲ್ಕ್ ಎಂಟು ಆತು."

"ಲೈನಿನ ಸರಾಸರಿ ಸರ್ ಅದು. ಲೆಕ್ಕ ಸರಿ ಇದೆ."

"ಲೆಕ್ಕ ಸರಿ ಐತಿ." ಅವರು ಹಾಳೆಯನ್ನು ಹೊದಿಕೆಯ ಮೇಲೆ ಇಟ್ಟರು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಗ್ಯಾಸು ಸರಾಸರಿ ನೋಡಿ ಹೊರಗ ಬರೂದಿಲ್ಲ ತಂಗಿ. ಎಲ್ಲಿ ತೆಳ್ಳಗ ಐತೋ ಅಲ್ಲಿಂದ ಬರತೈತಿ. ಉಳಿದ ಏಳು ಕಡೆ ಎಷ್ಟು ದಪ್ಪ ಇದ್ರ ಏನು? ಆ ಏಳು ಅಳತಿ ಈ ಒಂದಕ್ಕ ಬಂದು ತೇಪಿ ಹಚ್ಚತಾವೇನು?"

ಮಾಧವಿ ಹಾಳೆಯನ್ನು ಮತ್ತೆ ನೋಡಿದಳು. ಸ್ಲೈಡಿನಲ್ಲಿ ಎಲ್ಲವೂ ಇತ್ತು. ಒಂದು ಅಕ್ಷರವೂ ಸುಳ್ಳಿರಲಿಲ್ಲ. ನೋಡಿದವರಿಗೆ ಗೊತ್ತಾಗಬೇಕಾದದ್ದು ಮಾತ್ರ ಅದರಲ್ಲಿ ಎಲ್ಲೂ ಇರಲಿಲ್ಲ. ಅವಳಿಗೆ ತಾನು ಕತ್ತರಿಸಿದ ಅರ್ಧ ಫೋಟೋ ನೆನಪಾಯಿತು.

"ಅದರ ಕೆಳಗ ಆ ಹೆಂಗಸರು ಉಣ್ಣಾಕ ಕುಂದರ್ತಾರ" ಎಂದರು ಗಂಗಾಧರ, ಅದನ್ನೇ ಯೋಚಿಸುತ್ತಿದ್ದವರ ಹಾಗೆ. "ಹತ್ತೂವರಿಗೆ."

ಶನಿವಾರ ಒಂಬತ್ತಕ್ಕೆ ಹದಿನೈದು ನಿಮಿಷ ಇರುವಾಗ ಮಾಧವಿ ಕೋಯಂಬೇಡಿನಲ್ಲಿ ಬಸ್ಸಿಳಿದಳು. ಆಫೀಸಿಗೆ ಹೇಳಿರಲಿಲ್ಲ. ಗಂಗಾಧರರ ಕೈಬರಹದ ಪುಟ ಬ್ಯಾಗಿನಲ್ಲಿತ್ತು. ಜೊತೆಗೆ ರಾತ್ರಿ ಊಟವಾದ ಮೇಲೆ ಬೀದಿ ಕೊನೆಯ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಮಾಡಿದ ಒಂದು ಹಾಳೆ: ಬಿಳಿಯ ಮೇಲೆ ಒಂದೇ ಅಂಕಿ, 1.9. ಅದರ ಕೆಳಗೆ ಕತ್ತರಿಸದ ಫೋಟೋ.

ಸುರೇಶ ಹಣೆಗೆ ಕುಂಕುಮವಿಟ್ಟುಕೊಂಡು ಮೇಜಿನ ಹಿಂದೆ ಕುಳಿತಿದ್ದರು. ಅವರ ತಲೆಯ ಮೇಲೆ, ಗೋಡೆಯಲ್ಲಿ, ಫ್ರೇಮು ಹಾಕಿದ ಐದನೇ ಸ್ಲೈಡು.

"ಆ ಸ್ಲೈಡು ತಪ್ಪು ಸರ್" ಎಂದಳು ಮಾಧವಿ. "ನಾನು ಮಾಡಿದ್ದು ತಪ್ಪು. ಎಲ್ಬೋ ಬದಲಿಸದೆ ಚಾಲೂ ಮಾಡಬಾರದು."

"ಅಂಕಿ ತಪ್ಪಾ?"

"ಅಂಕಿ ಸರಿ ಇದೆ. ತೋರಿಸಿದ ರೀತಿ ತಪ್ಪು." ಹೊಸ ಹಾಳೆಯನ್ನು ಮುಂದೆ ಇಟ್ಟಳು.

ಸುರೇಶ ಹಾಳೆ ನೋಡಿದರು, ತಿರುಗಿ ಗೋಡೆ ನೋಡಿದರು, ಮತ್ತೆ ಹಾಳೆ ನೋಡಿದರು. "ಇದನ್ನೂ ನೀವೇ ಮಾಡಿದ್ದು, ಅದನ್ನೂ ನೀವೇ ಮಾಡಿದ್ದು. ಗುರುವಾರ ನಿಮ್ಮ ಸಾರ್ ಎದುರಿಗೆ ಸ್ಯಾಟಿಸ್ಫ್ಯಾಕ್ಟರಿ. ಶನಿವಾರ ನೀವು ಒಬ್ಬರೇ ಬಂದು ಬೇಡ ಅಂತೀರಿ. ನಾನು ಯಾವುದನ್ನ ನಂಬಲಿ ಮೇಡಂ?" ಫೋನು ಎತ್ತಿ ಕೃಷ್ಣಪ್ರಸಾದರಿಗೆ ಮಾಡಿ, ಎರಡು ಮಾತಾಡಿ, ಅವಳ ಕೈಗೆ ಕೊಟ್ಟರು.

"ಯಾರನ್ನ ಕೇಳಿ ಅಲ್ಲಿಗೆ ಹೋದ್ರಿ?" ಕೃಷ್ಣಪ್ರಸಾದರ ದನಿ ಮೆಲ್ಲಗಿತ್ತು. "ಸರಾಸರೀಲಿ ತಪ್ಪಿದೆಯಾ?"

"ಇಲ್ಲ ಸರ್. ಆದ್ರೆ..."

"ಶಿಫಾರಸಿನಲ್ಲಿ ಎಲ್ಬೋ ಹಾಕಿದೀವಾ ಇಲ್ವಾ?"

"ಆರನೇ ಸಾಲು ಸರ್."

"ಮತ್ತಿನ್ನೇನು? ಸೋಮವಾರ ಒಂದು ಕಾಗದ ಕಳಿಸೋಣ. ಈಗ ವಾಪಸ್ ಬನ್ನಿ."

ಸುರೇಶ ಫೋನು ವಾಪಸು ತೆಗೆದುಕೊಂಡರು. ನಾಗಪುರದಿಂದ ಹೊರಟ ಕಿತ್ತಳೆಯ ಲಾರಿಗಳು ಮಧ್ಯಾಹ್ನ ಬಂದು ಸೇರುತ್ತವೆ, ಒಂದು ಕಂಪ್ರೆಸರಿಗೆ ಅಷ್ಟು ತಣಿಸಲು ಆಗುವುದಿಲ್ಲ ಎಂದರು. "ಸೋಮವಾರ ಕಾಗದ ಬರಲಿ. ನೋಡ್ತೀನಿ, ಸತ್ಯವಾಗ್ಲೂ. ಪೂಜೆ ಪ್ರಸಾದ ತಗೊಂಡು ಹೋಗಿ ಮೇಡಂ." ಮಾಧವಿ ಹಾಳೆಯನ್ನು ಮತ್ತೆ ಬ್ಯಾಗಿಗೆ ಹಾಕಿಕೊಂಡಳು.

ಹತ್ತು ಗಂಟೆಗೆ ತೆಂಗಿನಕಾಯಿ ಒಡೆದರು. ಎರಡನೇ ಕಂಪ್ರೆಸರ್ ಮೊದಲು ಕೆಮ್ಮಿ, ಆಮೇಲೆ ಗಟ್ಟಿಯಾಗಿ ಸದ್ದು ಮಾಡಿತು. ಮೆಷಿನ್ ರೂಮಿನ ಆಪರೇಟರ್ ಸಾಯಿ, ನಲವತ್ತು ದಾಟಿದ ತಮಿಳಿನವನು, ಒತ್ತಡದ ಮೀಟರಿನ ಮುಂದೆ ನಿಂತಿದ್ದ. ಮುಳ್ಳು ಒಂಬತ್ತರಲ್ಲಿತ್ತು. ಮಾಧವಿ ಅವನ ಹತ್ತಿರ ಹೋಗಿ ತಮಿಳಿನಲ್ಲಿ ಹೇಳಿದಳು. ಕಾಗದ ತೋರಿಸಲಿಲ್ಲ. ಸ್ಲೈಡಿನ ಮಾತೆತ್ತಲಿಲ್ಲ. ಬಾಗಿಲ ಮೇಲಿನ ತಿರುವಿನಲ್ಲಿ ಕಬ್ಬಿಣ ಎರಡು ಮಿಲಿಮೀಟರ್ ಕೂಡ ಉಳಿದಿಲ್ಲ ಎಂದಷ್ಟೇ ಹೇಳಿದಳು.

ಸಾಯಿ ಮೀಟರಿನಿಂದ ಕಣ್ಣು ತೆಗೆಯದೆ ಕೇಳಿದ. "ಇದನ್ನ ಗುರುವಾರ ಯಾಕಕ್ಕಾ ಹೇಳ್ಲಿಲ್ಲ?"

ಮುಳ್ಳು ಹತ್ತು ದಾಟಿತು. ಸಾಯಿ ಗೂಡಿನಿಂದ ಒಂದು ಗಂಧಕದ ಬತ್ತಿ ತೆಗೆದುಕೊಂಡ. ಅಮೋನಿಯಾ ಸೋರುವ ಕಡೆ ಅದನ್ನು ಹಚ್ಚಿ ಹಿಡಿದರೆ ದಟ್ಟ ಬಿಳಿ ಹೊಗೆ ಏಳುತ್ತದೆ. ಏಣಿ ಹೊತ್ತುಕೊಂಡು ಹಾಲ್‌ನ ಕಡೆ ನಡೆದ.

ಹೆಂಗಸರು ಆಗಲೇ ಬುತ್ತಿ ಬಿಚ್ಚಿದ್ದರು. ಭೀಮಾಬಾಯಿ ಗೋಡೆಗೆ ಒರಗಿ ಕಾಲು ಚಾಚಿದ್ದಳು.

"ಬಂದ್ರು ನೋಡ್ರೇ ಫೋಟೋ ಅಕ್ಕಾರು" ಎಂದಳು. "ತಂದೀರಿಲ್ರಿ ನಮ್ಮ ಫೋಟೋ?"

"ತಂದಿದೀನಿ. ಹೊರಗೆ ಬನ್ನಿ, ಕೊಡ್ತೀನಿ. ಎಲ್ಲರೂ ಏಳಿ."

"ಉಂಡು ಬರ್ತೀವ್ರಿ. ಹೊರಗ ಬಿಸಲು."

"ಈಗಲೇ ಏಳಿ ಭೀಮಾಬಾಯಿ. ಊಟ ಎತ್ಕೊಳ್ಳಿ."

ಅವಳ ದನಿಯಲ್ಲಿ ಇದ್ದದ್ದು ಕೇಳಿ ಹರೆಯದವರು ಎದ್ದರು. ಏಣಿಯ ತುದಿಯಲ್ಲಿ ಸಾಯಿ ಬತ್ತಿ ಹಚ್ಚಿ ಎಲ್ಬೋ ಕೆಳಗೆ ಹಿಡಿದ. ಮೊದಲು ಏನೂ ಆಗಲಿಲ್ಲ. ಆಮೇಲೆ, ದಾರದಷ್ಟು ಸಣ್ಣಗೆ, ಒಂದು ಬಿಳಿ ಎಳೆ ಎದ್ದಿತು. ಎಳೆ ಬೆರಳಷ್ಟಾಯಿತು. ಹಿಂದಿನ ಗೋಡೆಯಿಂದ, ಕನ್ನಡಕವಿಲ್ಲದೆ, ಯಾರು ಬೇಕಾದರೂ ನೋಡಬಹುದಾಗಿತ್ತು.

"ಎಲ್ಲಾರೂ ವೆಳಿಯೇ ಪೋಂಗೋ" ಎಂದ ಸಾಯಿ. ಕೂಗಲಿಲ್ಲ. ಹೊರಗೆ ಹೋಗಿ ಎಂದು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ, ಏಣಿಯಿಂದ ಜಿಗಿದು ಮೆಷಿನ್ ರೂಮಿಗೆ ಓಡಿದ.

ಹೆಂಗಸರು ಓಡಿದರು. ಮಾಧವಿ ಇಬ್ಬರ ರಟ್ಟೆ ಹಿಡಿದು ಎಳೆದುಕೊಂಡು, ಕೆಮ್ಮುತ್ತಾ, ಗೇಟಿನ ಬೇವಿನ ಮರದ ಬುಡಕ್ಕೆ ಬಂದಳು. ಹಿಂದೆ ಕಂಪ್ರೆಸರಿನ ಸದ್ದು ನಿಂತಿತು. ಆದರೆ ಪೈಪಿನೊಳಗೆ ಇದ್ದ ಗ್ಯಾಸು ಪೈಪಿನೊಳಗೇ ಇತ್ತು. ಆ ಮೌನದಲ್ಲಿ, ಸೈಕಲ್ ಟ್ಯೂಬಿನಿಂದ ಗಾಳಿ ಹೋಗುವಂಥ ಸಣ್ಣ ಸದ್ದೊಂದು ಹಾಲ್‌ನ ಒಳಗಿಂದ ಕೇಳಿತು. ಸದ್ದು ನಿಧಾನವಾಗಿ ದಪ್ಪವಾಗುತ್ತಿತ್ತು. ಸುರೇಶ ಆಫೀಸಿನ ಮೆಟ್ಟಿಲ ಮೇಲೆ ಕೈಯಲ್ಲಿ ಪ್ರಸಾದದ ತಟ್ಟೆ ಹಿಡಿದು ನಿಂತಿದ್ದರು.

ಮಾಧವಿ ಎಣಿಸಿದಳು. ಮರದ ಕೆಳಗೆ ನಿಂತವರನ್ನು ಒಬ್ಬೊಬ್ಬರನ್ನಾಗಿ, ಬೆರಳು ತೋರಿಸಿ ಎಣಿಸಿದಳು. ಏಳು. ಅವಳ ಬ್ಯಾಗಿನಲ್ಲಿದ್ದ ಫೋಟೋದಲ್ಲಿ ಎಂಟು ಜನ. ಇನ್ನೊಮ್ಮೆ ಎಣಿಸಿದಳು.

"ಭೀಮವ್ವ ಎಲ್ಲಿ?" ಎಂದು ಯಾರೋ ಕೇಳಿದರು. "ಮೊಣಕಾಲು ಹಿಡದದ, ನೀವು ನಡೀರಿ, ನಾ ಬರ್ತೀನಿ ಅಂದ್ಳು" ಎಂದಳು ಇನ್ನೊಬ್ಬಳು.

ಹಾಲ್‌ನ ಬಾಗಿಲು ತೆರೆದೇ ಇತ್ತು. ಒಳಗಿನ ಬಿಳುಪು ಹೊಸ್ತಿಲ ತನಕ ಬಂದಿತ್ತು. ಮಾಧವಿ ಸೀರೆಯ ಸೆರಗನ್ನು ಗೇಟಿನ ನಲ್ಲಿಯ ಕೆಳಗೆ ಹಿಡಿದಳು. ಅದು ಒದ್ದೆಯಾಗಲು ಎಷ್ಟು ಹೊತ್ತು ಹಿಡಿಯುತ್ತದೆಂದು ಅವಳು ಹಿಂದೆಂದೂ ಗಮನಿಸಿರಲಿಲ್ಲ. ಸೆರಗನ್ನು ಮೂಗು ಬಾಯಿಗೆ ಸುತ್ತಿಕೊಂಡು ಬಾಗಿಲಿನ ಕಡೆ ಹೆಜ್ಜೆ ಹಾಕಿದಳು.